ಅಕ್ಕನ ಮಾತ್ರೆ

ಮಾರ್ಚ್ ೮

ಆಸ್ಪತ್ರೆಯಿಂದ ಬಂದವರು ಯಾರೂ ಅಕ್ಕನ ಹತ್ತಿರ ಸುಳಿಯಬಾರದು ಎಂದು ಭಾವ ಇಂದು ಕಟ್ಟಪ್ಪಣೆ ಮಾಡಿದರು. ಆಸ್ಪತ್ರೆಯಿಂದ ಈ ಮನೆಗೆ ಬರುವವರು ಇಬ್ಬರೇ: ಅವರು ಮತ್ತು ನಾನು. ಅವರು ಅಲ್ಲಿನ ಹಿರಿಯ ವೈದ್ಯರು, ನಾನು ಕೆಳ ಅಂತಸ್ತಿನ ಔಷಧ ವಿಭಾಗ ನೋಡಿಕೊಳ್ಳುವವಳು. ಹಾಗಾಗಿ ಭಾವ ಮುಂದಿನ ಕೋಣೆಗೆ, ನಾನು ಮಹಡಿಗೆ, ಅಕ್ಕ ಒಳಕೋಣೆಗೆ. ಊಟಕ್ಕೆ ಮಾತ್ರ ಒಟ್ಟಿಗೆ. ಉದ್ದ ಮೇಜಿನ ಆ ತುದಿಗೆ ಅಕ್ಕ, ಈ ತುದಿಗೆ ನಾವಿಬ್ಬರು, ಕಿಟಕಿಗಳೆಲ್ಲ ತೆರೆದು. ‘ಸಂಧಾನಕ್ಕೆ ಕೂತ ಹಾಗಿದೆ. ಯಾರು ಯಾರಿಗೆ ರಾಜ್ಯ ಬಿಟ್ಟುಕೊಡ್ಬೇಕು?’ ಎಂದಳು ಅಕ್ಕ.

ಅವಳಿಗೆ ಇಷ್ಟು ಕಾವಲು ಯಾಕೆಂದರೆ, ಅವಳ ಮೈ ಇಪ್ಪತ್ತು ವರ್ಷದಿಂದ ತನ್ನನ್ನೇ ಪರರೆಂದು ತಿಳಿದು ಜಗಳಕ್ಕೆ ನಿಂತಿದೆ. ಕೀಲು ಊದುತ್ತದೆ, ಬಿಸಿಲು ತಾಗಿದರೆ ಮುಖ ಕೆಂಪಾಗುತ್ತದೆ, ಒಮ್ಮೆ ಮೂತ್ರಪಿಂಡದವರೆಗೂ ಹೋಗಿತ್ತು. ದಿನವೂ ನುಂಗುವ ಬಿಳಿ ಮಾತ್ರೆಯೊಂದು ಆ ಜಗಳವನ್ನು ತಣ್ಣಗಿಟ್ಟಿದೆ. ಅದರ ಬಲದಿಂದ ಅವಳು ಅಗಲದ ಟೋಪಿ, ತುಂಬು ತೋಳಿನ ಅಂಗಿ, ಕೈಗವಸು ತೊಟ್ಟು ಊರಿನ ಅರ್ಧ ಹೆಂಗಸರಿಗೆ ಕಾರು ಓಡಿಸಲು ಕಲಿಸಿದ್ದಾಳೆ. ಈಗ ಡ್ರೈವಿಂಗ್ ಸ್ಕೂಲಿಗೆ ಬೀಗ.

ಮಹಡಿಯಲ್ಲಿ ಮಾತಿಗೆ ಜನವಿಲ್ಲ. ನಲವತ್ತಾರು ವರ್ಷಕ್ಕೆ ದಿನಚರಿ ಹಿಡಿದಿದ್ದೇನೆ.

ಹೊಸ ಜ್ವರಕ್ಕೆ ಈ ವಾರ ನಮ್ಮಲ್ಲಿ ನಾಲ್ವರು ಹೋದರು. ಮದ್ದಿಲ್ಲ. ಬ್ಯಾಕ್ಟೀರಿಯಾ ಎಂದರೆ ಹೊರಗಿನಿಂದ ನುಗ್ಗಿದ ಕಳ್ಳ, ಬಡಿಗೆ ತೆಗೆದುಕೊಂಡು ಬಡಿಯಬಹುದು. ವೈರಸ್ ಹಾಗಲ್ಲ. ಅದು ನಮ್ಮದೇ ಅಡುಗೆಮನೆ ಹೊಕ್ಕು, ನಮ್ಮದೇ ಒಲೆ, ನಮ್ಮದೇ ಪಾತ್ರೆಯಲ್ಲಿ ಬೇಯಿಸಿಕೊಳ್ಳುವ ಕರೆಯದ ನೆಂಟ. ಅದಕ್ಕೆ ವಿಷ ಹಾಕಹೋದರೆ ಮನೆಯವರೂ ಉಣ್ಣಬೇಕಾಗುತ್ತದೆ. ಅದಕ್ಕೇ ವೈರಸ್‌ಗೆ ಮದ್ದುಗಳು ಇಷ್ಟು ಕಡಿಮೆ. ಇದನ್ನು ಔಷಧ ವಿಭಾಗದ ಕಿಟಕಿಯಲ್ಲಿ ನಿಂತವರಿಗೆ ಹೇಳಿ ಪ್ರಯೋಜನವಿಲ್ಲ. ‘ಇಲ್ಲ’ ಎನ್ನುತ್ತೇನೆ, ‘ಮುಂದಿನವರು’ ಎನ್ನುತ್ತೇನೆ.

ಮಾರ್ಚ್ ೧೫

ಊಟದ ಮೇಜಿನ ಮೇಲೆ ಯುದ್ಧವಾಯಿತು.

ಭಾವ ಎಲ್ಲಿಯೋ ದೂರದ ಆಸ್ಪತ್ರೆಯೊಂದರ ವರದಿ ಓದಿದ್ದಾರೆ. ಬೆರಳೆಣಿಕೆಯ ರೋಗಿಗಳು. ಅಕ್ಕ ನುಂಗುವ ಅದೇ ಬಿಳಿ ಮಾತ್ರೆಯನ್ನು ಕೊಟ್ಟರೆ ಜ್ವರದ ವೈರಸ್ ಬೇಗ ಇಳಿಯಿತಂತೆ. ಇಂದು ಬೆಳಗ್ಗೆಯಿಂದ ವಾರ್ಡಿನ ಎಲ್ಲರಿಗೂ ಬರೆಯುತ್ತಿದ್ದಾರೆ.

‘ಪರೀಕ್ಷಾ ನಳಿಕೆಯಲ್ಲಿ ವೈರಸ್ ಸತ್ತಿದೆ ಕಣೇ,’ ಎಂದರು.

‘ಪರೀಕ್ಷಾ ನಳಿಕೆಗೆ ಸೋಪಿನ ನೀರು ಹಾಕಿದ್ರೂ ಸಾಯುತ್ತೆ ಭಾವ. ಎಲ್ಲರಿಗೂ ಸೋಪು ಕುಡಿಸೋಣ್ವಾ?’

‘ಡಬ್ಬಿ ಮೇಲೆ ಬರೆದಿರೋದೇ ನಿನಗೆ ವೇದವಾಕ್ಯ ಅಲ್ವಾ ಕಂಪೌಂಡರಮ್ಮ? ನಿಮ್ಮಕ್ಕನ ಡಬ್ಬಿ ಮೇಲೆ ಮೊದಲು ಏನಿತ್ತು? ಮಲೇರಿಯಾ. ಇದು ಕೀಲಿಗೂ ಆಗಬಹುದೇನೋ ಅಂತ ಯಾರೋ ಒಬ್ಬ ಡಾಕ್ಟರು ಊಹೆ ಮಾಡಿದ. ಡಬ್ಬಿ ಮೇಲಿಲ್ಲ ಅಂತ ಅವನು ಕೈಕಟ್ಟಿ ಕೂತಿದ್ರೆ ಇವಳು ಇವತ್ತು ಸ್ಟೇರಿಂಗ್ ಹಿಡೀತಿದ್ಲಾ?’

‘ಊಹೆ ಮಾಡಿದ, ಒಪ್ಕೊಂಡೆ. ಆಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ರು. ನೀವು ಊಹೆಗೇ ತಾಳಿ ಕಟ್ತಿದ್ದೀರಿ.’

‘ವರ್ಷ ಎಲ್ಲಿದೆ ನನ್ನ ಹತ್ರ? ಬೆಳಗ್ಗೆ ನಡ್ಕೊಂಡು ಬಂದ ಮನುಷ್ಯ ಸಂಜೆಗೆ ಇಲ್ಲ. ಅವನ ಹೆಂಡ್ತಿಗೆ ಏನು ಹೇಳ್ಲಿ? ಪರೀಕ್ಷೆ ನಡೀತಿದೆ, ಬರೋ ವರ್ಷ ಬನ್ನಿ ಅಂತಲಾ?’

ಅಕ್ಕ ಚಮಚದಿಂದ ಲೋಟ ಬಡಿದಳು. ‘ನನ್ನ ಕಾರಲ್ಲಿ ಹೀಗೆ ಇಬ್ಬರು ಒಟ್ಟಿಗೆ ಸ್ಟೇರಿಂಗ್ ಎಳೆದ್ರೆ ಸೀದಾ ಚರಂಡಿಗೆ. ಊಟ ಮಾಡಿ.’

ಡಬ್ಬಿಯ ಮೇಲಿಲ್ಲದ ರೋಗಕ್ಕೂ ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗಿದೆ. ಮಕ್ಕಳ ವೈದ್ಯರಂತೂ ದಿನವೂ ಬರೆಯುತ್ತಾರೆ, ಎಳೆಮಕ್ಕಳ ಮೇಲೆ ಪರೀಕ್ಷೆಯಾದ ಮದ್ದುಗಳೇ ಕಡಿಮೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಭಾವನದು ತಪ್ಪು, ನನ್ನದು ಸರಿ. ಒಂದು ದಿನ ಇದು ಅವರಿಗೆ ಗೊತ್ತಾಗುತ್ತದೆ. ಅವತ್ತು ಅದೇ ಮೇಜಿನಲ್ಲಿ ಕೂತು ಅವರ ಮುಖ ನೋಡಬೇಕು.

ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಭಾವ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರ್ಚ್ ೨೩

ಸುದ್ದಿ ಊರಿಗೆಲ್ಲ ಹಬ್ಬಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಜ್ವರವಿಲ್ಲದವರು, ಕೆಮ್ಮಿಲ್ಲದವರು, ಮಾರುಕಟ್ಟೆಯಿಂದ ತರಕಾರಿ ತಂದಷ್ಟು ಸಲೀಸಾಗಿ ಕೈಚೀಲ ಹಿಡಿದು ಬರುತ್ತಿದ್ದಾರೆ. ಇಂದು ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಇಡೀ ಕುಟುಂಬದ ಹೆಸರಿನಲ್ಲಿ ಚೀಟಿ ತಂದರು. ಕೊನೆಯ ಹೆಸರು ಕೂಸಿನದು. ಚೀಟಿ ಬರೆದ ವೈದ್ಯ ಹಲ್ಲಿನವನು.

‘ಇಲ್ಲ,’ ಎಂದೆ.

‘ಇದ್ಯೋ ಕೊಡಲ್ವೋ?’

‘ಇದೆ. ಕೊಡಲ್ಲ.’

‘ನಿಮ್ಮ ಮನೇಲಿ ಯಾರಿಗಾದ್ರೂ ಬಂದ್ರೆ ಗೊತ್ತಾಗುತ್ತೆ,’ ಎಂದು ಹೋದರು. ಬೈಯಿಸಿಕೊಂಡೂ ಮೈ ಹಗುರವಾಗಿತ್ತು. ‘ಇಲ್ಲ’ ಎಂಬ ಮಾತಿನಲ್ಲಿ ಒಂದು ಸ್ವಚ್ಛತೆ ಇದೆ, ಈಗಷ್ಟೇ ಒರೆಸಿದ ಗಾಜಿನ ಹಾಗೆ.

ಮಾರ್ಚ್ ೩೧

ಬಸ್ಸಿನ ಕಂಡಕ್ಟರ್ ಒಬ್ಬನ ಹೆಂಡತಿ ಹುಷಾರಾಗಿ ಮನೆಗೆ ಹೋದಳು. ಅವನು ಭಾವನ ಕಾಲಿಗೆ ಬೀಳಲು ಬಂದನಂತೆ. ಭಾವ ಔಷಧ ವಿಭಾಗದ ಕಿಟಕಿಗೆ ಬಂದು, ‘ನೋಡಿದ್ಯಾ?’ ಎಂದರು. ಮುಖಗವಸಿನ ಮೇಲೆ ಕಾಣುವುದು ಕಣ್ಣು ಮಾತ್ರ. ಅವು ನಗುತ್ತಿದ್ದವು.

‘ಹತ್ತರಲ್ಲಿ ಎಂಟು ಜನ ಹಾಗೇ ಹುಷಾರಾಗ್ತಾರೆ ಭಾವ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ.’

‘ನೀನು ಸಂತೋಷಪಡೋದನ್ನ ಯಾವಾಗ ಕಲೀತೀಯೋ,’ ಎಂದು ಹೋದರು.

ದೊಡ್ಡ ಸಿಸ್ಟರ್ ಅಲ್ಲೇ ನಿಂತಿದ್ದರು. ಇಡೀ ಆಸ್ಪತ್ರೆ ಹಾಗೆ ಕರೆಯುವ ಮುಖ್ಯ ನರ್ಸ್, ಭಾವನ ಜೊತೆ ಇಪ್ಪತ್ತೈದು ವರ್ಷ ದುಡಿದವರು. ‘ಒಂದು ಒಳ್ಳೆ ಸುದ್ದಿ ಬಂದಿತ್ತು. ಅದನ್ನೂ ಕೆಡಿಸಿ ಕಳಿಸಿದ್ರಾ?’ ಎಂದರು. ಹೇಳಿದ್ದು ಸರಿಯಾದ ಮಾತು ತಾನೇ ಎಂದೆ. ‘ಸರಿಯಾದ್ದೇ,’ ಎಂದರು ಅವರು ಗ್ಲೂಕೋಸ್ ಬಾಟಲಿಗಳನ್ನು ಎತ್ತಿಕೊಳ್ಳುತ್ತ. ‘ಸರಿಯಾದ್ದು ಎಲ್ಲಿ ಓಡಿಹೋಗ್ತಿತ್ತು? ನಾಳೆ ಹೇಳಬಹುದಿತ್ತು.’

ಏಪ್ರಿಲ್ ೯

ಬಿಳಿ ಮಾತ್ರೆ ಬರುವುದು ನಿಂತಿದೆ. ಸಗಟು ಅಂಗಡಿಯವನು ಫೋನು ಎತ್ತುತ್ತಿಲ್ಲ. ಇದ್ದಬದ್ದದ್ದೆಲ್ಲ ಜ್ವರದ ವಾರ್ಡಿಗೆ, ಉಳಿದದ್ದು ಊರವರ ಬೀರುಗಳಿಗೆ.

ಅಕ್ಕನ ಹಾಗೆ ವರ್ಷಾನುಗಟ್ಟಲೆ ಇದನ್ನೇ ನಂಬಿಕೊಂಡವರು ನಮ್ಮ ಆಸ್ಪತ್ರೆಗೆ ಏಳೆಂಟು ಜನ ಬರುತ್ತಾರೆ. ಅವರಲ್ಲಿ ಒಬ್ಬಳು ಗುಂಡಿ-ದಾರದ ಅಂಗಡಿಯವಳು. ಇಂದು ಮಾತ್ರೆಯ ಖಾಲಿ ಪಟ್ಟಿ ಹಿಡಿದು ಕಿಟಕಿಗೆ ಬಂದಳು.

‘ಇಲ್ಲ,’ ಎಂದೆ.

‘ನನಗೆ ಜ್ವರಕ್ಕಲ್ಲ ಮೇಡಂ. ನನ್ನದೇ ಮಾತ್ರೆ.’

ಅವಳಿಗೆ ಗೊತ್ತಿರಲಿಲ್ಲ, ನನ್ನ ಮೇಜಿನ ಖಾನೆಯಲ್ಲಿ, ನನ್ನ ಟಿಫಿನ್ ಡಬ್ಬಿಯ ಹಿಂದೆ, ಒಂದು ತುಂಬಿದ ಡಬ್ಬಿ ಇತ್ತು. ಹೋದ ವಾರವೇ ಅಕ್ಕನಿಗೆಂದು ಎತ್ತಿಟ್ಟದ್ದು. ‘ಇಲ್ಲ’ ಎಂದು ಇನ್ನೊಮ್ಮೆ ಹೇಳಿದೆ. ಗಾಜು ಒರೆಸಿದ ಹಾಗೆ ಅನಿಸಲಿಲ್ಲ.

ಏಪ್ರಿಲ್ ೧೦

ಡಬ್ಬಿಯನ್ನು ಮನೆಗೆ ತಂದು ಅಕ್ಕನ ಬಾಗಿಲಲ್ಲಿಟ್ಟೆ. ಅವಳು ಒಳಗಿನಿಂದ, ‘ಎಲ್ಲಿ ಸಿಕ್ತು?’ ಎಂದಳು. ಹೇಳಿದೆ.

‘ಗುಂಡಿ ಅಂಗಡಿಯವಳಿಗೆ ಸಿಕ್ತಾ?’

‘ಅವಳು ನಿನ್ನ ತಂಗಿ ಅಲ್ಲ, ನಾನು ಅವಳ ತಂಗಿ ಅಲ್ಲ.’

‘ಪುಟ್ಟಿ, ಅವಳಿಗೆ ಕಾರು ಕಲಿಸಿದ್ದು ನಾನು. ಹಿಂದಕ್ಕೆ ತಗೊಳ್ಳೋದು ಅಂದ್ರೆ ಅವಳಿಗೆ ಪ್ರಾಣಭಯ, ಮೂರು ತಿಂಗಳು ನನ್ನ ಪ್ರಾಣ ತಿಂದಿದ್ದಾಳೆ. ಅವಳನ್ನ ಹಾಗೆಲ್ಲ ಬಿಡೋಕಾಗಲ್ಲ. ಎಲ್ಲರಿಗೂ ಸಮನಾಗಿ ಹಂಚು. ನನಗೂ ಒಂದು ಪಾಲು ಇಟ್ಟುಬಿಡು, ನಾನೇನು ಸನ್ಯಾಸಿ ಅಲ್ಲ.’

‘ಭಾವನಿಗೆ ಹೇಳ್ತೀನಿ.’

‘ಹೇಳ್ಬೇಡ. ಅಲ್ಲಿ ದಿನಾ ಸಾವು ನೋಡಿ ಬರ್ತಿದ್ದಾರೆ. ಮನೇಲಾದ್ರೂ ಒಂದು ಕಡೆ ಎಲ್ಲ ಸರಿಯಾಗಿದೆ ಅಂತ ಇರ್ಲಿ.’

ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ. ಅವರು ಬರೆದ ಚೀಟಿಗಳೇ ಅವರ ಹೆಂಡತಿಯ ಮಾತ್ರೆಯನ್ನು ನುಂಗಿದವು ಎಂದು ಒಂದೇ ವಾಕ್ಯದಲ್ಲಿ ಹೇಳಬಹುದು. ವಾಕ್ಯ ಸಿದ್ಧವಾಗಿದೆ. ಹೇಳುವುದಿಲ್ಲವೆಂದು ಅಕ್ಕ ಮಾತು ತೆಗೆದುಕೊಂಡುಬಿಟ್ಟಳು.

ಏಪ್ರಿಲ್ ೧೩

ಹಂಚಿದೆ. ಗುಂಡಿ ಅಂಗಡಿಯವಳು ಏನೂ ಕೇಳಲಿಲ್ಲ. ಮೊನ್ನೆ ಇಲ್ಲದ್ದು ಇಂದು ಎಲ್ಲಿಂದ ಬಂತು ಎಂದು ಕೇಳಿದ್ದರೆ ಸುಲಭವಾಗುತ್ತಿತ್ತು.

ಮೇ ೪

ಅಕ್ಕ ದಿನ ಬಿಟ್ಟು ದಿನ ನುಂಗುತ್ತಿದ್ದಾಳೆ. ಬೆಳಗ್ಗೆ ಲೋಟ ಹಿಡಿಯಲು ಎರಡು ಕೈ ಬೇಕು. ಭಾವ ಮೇಜಿನ ಈ ತುದಿಯಿಂದ, ‘ಕೈಗೇನಾಯ್ತು?’ ಎಂದರು. ‘ಸುಮ್ನೆ ಕೂತು ಕೂತು ತುಕ್ಕು ಹಿಡಿದಿದೆ. ಗಾಡಿ ಓಡಿಸದೇ ಇಟ್ರೆ ಹೀಗೇ,’ ಎಂದಳು. ಅವರು ನಕ್ಕರು. ಬೇರೆ ದಿನಗಳಾಗಿದ್ದರೆ ಎದ್ದು ಬಂದು ಬೆರಳು ಹಿಡಿದು ನೋಡುತ್ತಿದ್ದರು. ಈಗ ನಡುವೆ ಮೇಜಿದೆ, ಅವರದೇ ಅಪ್ಪಣೆ ಇದೆ.

ದೊಡ್ಡ ಸಿಸ್ಟರ್‌ಗೆ ಜ್ವರ ಬಂದಿದೆ.

ಮೇ ೧೨

ದೊಡ್ಡ ಸಿಸ್ಟರ್ ಹೋದರು.

ಭಾವ ಅವರಿಗೆ ಮೊದಲ ದಿನದಿಂದಲೇ ಬಿಳಿ ಮಾತ್ರೆ ಕೊಟ್ಟಿದ್ದರು. ನಿನ್ನೆ ಚೇತರಿಸಿಕೊಂಡಂತಿದ್ದರು, ತಮ್ಮ ಹಾಸಿಗೆಯಿಂದಲೇ ನರ್ಸುಗಳಿಗೆ ಕೆಲಸ ಹೇಳುತ್ತಿದ್ದರಂತೆ. ಇಂದು ಮಧ್ಯಾಹ್ನ ಹೃದಯದ ಬಡಿತ ತಾಳ ತಪ್ಪಿತು, ಮತ್ತೆ ಸರಿಯಾಗಲಿಲ್ಲ. ಜ್ವರವೂ ಹಾಗೆ ಮಾಡಬಲ್ಲದು. ಮಾತ್ರೆಯೂ ಹಾಗೆ ಮಾಡಬಲ್ಲದು, ಅಪರೂಪಕ್ಕೆ.

ಸಂಜೆ ಮನೆಯ ಮುಂದೆ ಕಾರು ನಿಂತು ಬಹಳ ಹೊತ್ತಾದರೂ ಭಾವ ಇಳಿಯಲಿಲ್ಲ. ನಾನು ಹೋಗಿ ಹಿಂದಿನ ಬಾಗಿಲು ತೆರೆದು ಕೂತೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

‘ಮಾತ್ರೆಯಿಂದಲಾ?’ ಎಂದರು.

‘ಗೊತ್ತಿಲ್ಲ ಭಾವ.’

‘ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ.’

‘ಇಲ್ಲ. ಗೊತ್ತಿಲ್ಲ.’

ಅವರು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆದರು. ಸಿಸ್ಟರ್ ಮಾಡಿದ ತಮಾಷೆಯೊಂದನ್ನು ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಕತ್ತಲಾಗುವ ಮೊದಲು ಒಳಗೆ ಬಂದೆವು. ಎರಡು ತಿಂಗಳಿಂದ ತಲೆಯಲ್ಲಿ ಸಿದ್ಧವಾಗಿದ್ದ ಎಷ್ಟೋ ಮಾತುಗಳಲ್ಲಿ ಒಂದೂ ಆಗ ನೆನಪಾಗಲಿಲ್ಲ.

ಮೇ ೨೦

ಎಂದಿನ ಕೆಲಸ. ಅಕ್ಕನ ಪಾಲು ಮುಗಿಯಿತು.

ಜೂನ್ ೧೭

ಕಾಲು ಊದಿದೆ, ಕೆನ್ನೆ ಕೆಂಪಾಗಿದೆ, ಮೂತ್ರ ನೊರೆಯಾಗಿದೆ. ಇಂದು ಅಕ್ಕ ಮೇಜಿಗೆ ಬರಲಿಲ್ಲ. ಭಾವ ಅಪ್ಪಣೆ ಮರೆತು ಒಳಕೋಣೆಗೆ ಹೋದರು. ಬಾಗಿಲಲ್ಲಿ ನಾನು ನಿಂತಿದ್ದೆ. ಅವರು ಹಾಸಿಗೆಯ ಪಕ್ಕ ಕೂತು ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಕುಳಿ ಹಾಗೇ ಉಳಿಯಿತು.

‘ಮಾತ್ರೆ ತಗೊಳ್ತಿದ್ದೀಯಾ?’

‘ಇದ್ರೆ ತಗೊಳ್ತಿದ್ದೆ.’

‘ಇದ್ರೆ ಅಂದ್ರೆ? ಯಾವಾಗಿಂದ ಇಲ್ಲ?’ ಅವರು ನನ್ನ ಕಡೆ ತಿರುಗಿದರು. ‘ನಿನ್ನ ಕೈಯಲ್ಲೇ ಇಡೀ ಆಸ್ಪತ್ರೆಯ ಮದ್ದಿದೆ. ಇವಳಿಗೆ ಇಲ್ವಾ?’

ನಾನು ಬಾಯಿ ತೆರೆಯುವ ಮೊದಲು ಅಕ್ಕ ಹೇಳಿದಳು: ‘ಅವಳು ತಂದುಕೊಟ್ಟಿದ್ಲು. ಹಂಚಿಸಿದ್ದು ನಾನು. ಊರಲ್ಲೇ ಇಲ್ಲ ರೀ, ಎಲ್ಲ ಜ್ವರದವರಿಗೆ ಹೋಗಿದೆ.’

ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಕೈ ಅವಳ ಪಾದದ ಮೇಲೆಯೇ ಇತ್ತು. ಅದನ್ನು ತೆಗೆಯಲೋ ಬೇಡವೋ ಎಂದು ತಿಳಿಯದವರ ಹಾಗೆ ಕೂತಿದ್ದರು.

‘ಬೈಯೋದಾದ್ರೆ ಬೈದುಬಿಡಿ,’ ಎಂದಳು ಅಕ್ಕ. ‘ಹಾಗೆ ಕೂರಬೇಡಿ. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯರು ನನ್ನ ಕಾರಲ್ಲಿ ಹೀಗೇ ಕೂರ್ತಾರೆ.’

ಅವರು ಮುಖ ಅವಳ ಮೊಣಕಾಲಿಗೆ ಒತ್ತಿಕೊಂಡರು. ನಾನು ಅಡುಗೆಮನೆಗೆ ಹೋಗಿ ನೀರು ಕಾಯಿಸಿದೆ. ಯಾಕೆ ಕಾಯಿಸಿದೆನೋ, ಯಾರೂ ಕೇಳಿರಲಿಲ್ಲ.

ಜೂನ್ ೧೮

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದೆವು, ಜ್ವರದ ವಾರ್ಡಿನಿಂದ ದೂರದ ಕಟ್ಟಡದಲ್ಲಿ. ದೊಡ್ಡ ಪ್ರಮಾಣದ ಸ್ಟೆರಾಯ್ಡ್ ಶುರುವಾಗಿದೆ. ಮೂತ್ರಪಿಂಡ ಎಷ್ಟು ಉಳಿಯುತ್ತದೆ ಎಂದು ಅಲ್ಲಿನ ವೈದ್ಯೆ ಹೇಳಲಿಲ್ಲ.

ಜೂನ್ ೨೨

ಬಿಳಿ ಮಾತ್ರೆ ನಿಜವಾಗಿ ಜ್ವರಕ್ಕೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಹಲವು ಊರುಗಳ ಆಸ್ಪತ್ರೆಗಳು ಸೇರಿ ದೊಡ್ಡ ಪರೀಕ್ಷೆ ನಡೆಸುತ್ತಿವೆ. ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಅದೇ ರೂಪದ, ಒಳಗೆ ಮದ್ದಿಲ್ಲದ ಪೊಳ್ಳು ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮನ್ನೂ ಕರೆದಿದ್ದರು. ‘ನನ್ನ ರೋಗಿಗಳ ಮೇಲೆ ನಾಣ್ಯ ಚಿಮ್ಮೋಕೆ ನಾನು ಬರಲ್ಲ,’ ಎಂದು ಭಾವ ಕಳಿಸಿಬಿಟ್ಟಿದ್ದರು.

ಇಂದು ಅವರೇ ಫೋನು ಮಾಡಿ ಸೇರಿಕೊಂಡರು. ಇನ್ನು ಮುಂದೆ ಪರೀಕ್ಷೆಗೆ ಒಪ್ಪಿದವರಿಗಲ್ಲದೆ ಬೇರೆ ಯಾರಿಗೂ ಆ ಮಾತ್ರೆ ಬರೆಯಬಾರದು ಎಂದು ಕಿರಿಯ ವೈದ್ಯರನ್ನೆಲ್ಲ ಕೂಡಿಸಿ ಹೇಳಿದರು. ಒಬ್ಬ ಕೇಳಿಯೇಬಿಟ್ಟ: ‘ಸಾರ್, ನೀವೇ ನಾಣ್ಯ ಚಿಮ್ಮಲ್ಲ ಅಂದಿದ್ರಲ್ಲ?’

‘ಇಷ್ಟು ದಿನ ಚಿಮ್ಮಿದ್ದೂ ನಾಣ್ಯವೇ ಕಣಪ್ಪ,’ ಎಂದರು ಭಾವ. ‘ಯಾವ ಕಡೆ ಬಿತ್ತು ಅಂತ ಬಗ್ಗಿ ನೋಡಿರಲಿಲ್ಲ, ಅಷ್ಟೇ.’

ಮೊಹರು ಹಾಕಿದ ಡಬ್ಬಿಗಳು ನನ್ನ ಕಬ್ಬಿಣದ ಬೀರುವಿಗೆ ಬರುತ್ತವೆ.

ಜೂನ್ ೨೭

ಡಬ್ಬಿಗಳು ಬಂದಿವೆ. ಸಾಲಾಗಿ ಜೋಡಿಸಿದೆ. ಇವುಗಳಲ್ಲಿ ಅರ್ಧದಷ್ಟರಲ್ಲಿ ಅಕ್ಕನ ಮಾತ್ರೆ ಇದೆ, ವಾರ್ಡಿನಲ್ಲಾಗಲಿ ಹೊರಗಾಗಲಿ ಬೇರೆ ಎಲ್ಲೂ ಉಳಿದಿಲ್ಲ. ಅಕ್ಕ ಎದುರು ಕಟ್ಟಡದ ಎರಡನೇ ಮಹಡಿಯಲ್ಲಿದ್ದಾಳೆ. ಬೀರುವಿನ ಬೀಗದ ಕೈ ನನ್ನ ಕೊರಳಲ್ಲಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಕಿಟಕಿ ಮುಚ್ಚಿದ್ದೆ. ಭಾವ ಒಳಬಾಗಿಲಿನಿಂದ ಬಂದರು. ಬೀರುವಿನ ಮುಂದೆ ನಿಂತರು. ನಾನೂ ನಿಂತೆ.

‘ಇದರಲ್ಲಿ ಯಾವುದು...’ ಎಂದು ಶುರುಮಾಡಿದರು.

‘ಗೊತ್ತಾಗಲ್ಲ ಭಾವ. ನಾನೂ ನೋಡಿದೆ. ಡಬ್ಬಿ ತೂಕ, ಅಲುಗಿಸಿದ್ರೆ ಬರೋ ಸದ್ದು ಎಲ್ಲ ಒಂದೇ.’

ನಾನೂ ನೋಡಿದೆ ಎಂದದ್ದು ಬಾಯಿಗೆ ಬಂದ ಮೇಲೆ ತಿಳಿಯಿತು. ಭಾವ ನನ್ನನ್ನು ನೋಡಿದರು. ನಿಯಮದ ಕಂಪೌಂಡರಮ್ಮ ಎಂದು ಹಂಗಿಸಲಿಲ್ಲ.

‘ಕದ್ದರೂ ಪೊಳ್ಳನ್ನೇ ಕದ್ದೇವೇನೋ,’ ಎಂದರು.

‘ಹೌದು. ಆಮೇಲೆ ಇಲ್ಲೊಬ್ಬರ ಲೆಕ್ಕ ತಪ್ಪುತ್ತೆ. ಉತ್ತರ ಬರೋದು ಇನ್ನೂ ತಡ ಆಗುತ್ತೆ.’

ಇಬ್ಬರೂ ನನ್ನ ಟಿಫಿನ್ ಡಬ್ಬಿಯಲ್ಲಿದ್ದದ್ದನ್ನು ಹಂಚಿಕೊಂಡು ತಿಂದೆವು. ಭಾವ ಆಮೇಲೆ ಎದುರು ಕಟ್ಟಡಕ್ಕೆ ಹೋದರು, ಮೆಟ್ಟಿಲ ಬಳಿ ಒಂದು ನಿಮಿಷ ಕಂಬ ಹಿಡಿದು ನಿಂತಿದ್ದು ಕಿಟಕಿಯಿಂದ ಕಂಡಿತು.

ಜುಲೈ ೫

ಅಕ್ಕನ ಊತ ಇಳಿಯುತ್ತಿದೆ. ಸ್ಟೆರಾಯ್ಡ್‌ನಿಂದ ಮುಖ ಚಂದ್ರನಂತೆ ದುಂಡಗಾಗಿದೆ. ‘ಮೂವತ್ತು ವರ್ಷದಲ್ಲಿ ಚಂದ್ರಮುಖಿ ಅಂತ ಒಂದು ದಿನಾನೂ ಕರೆದವರಲ್ಲ ನಿನ್ನ ಭಾವ, ಈಗಲಾದ್ರೂ ಕರೀಲಿ,’ ಎಂದಳು. ವೈದ್ಯೆ ಇಂದು ಹೇಳಿದರು: ಮೂತ್ರಪಿಂಡ ಪೂರ್ತಿ ಮೊದಲಿನಂತಾಗುವುದಿಲ್ಲ, ಆದರೆ ಸಾಗುತ್ತದೆ. ಎಷ್ಟು ವರ್ಷ ಎಂದು ಕೇಳಿದೆ. ಅವರು ಭುಜ ಕುಣಿಸಲಿಲ್ಲ, ಸುಳ್ಳೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಏನೇನು ನೋಡುತ್ತಾ ಹೋಗಬೇಕು ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆದರೂ ಎದ್ದು ಬರುವಾಗ ಕೈಯಲ್ಲಿ ಏನೋ ಇದ್ದಂತಿತ್ತು.

ಜುಲೈ ೧೪

ಸಗಟು ಅಂಗಡಿಯವನು ಫೋನು ಎತ್ತಿದ. ಹೊರಗೆ ಜನರ ಆಸೆ ಬೇರೆ ಮಾತ್ರೆಯ ಮೇಲೆ ಹೋಗಿದೆಯಂತೆ, ದನಕರುಗಳ ಹುಳಕ್ಕೆ ಕೊಡುವ ಯಾವುದೋ ಮದ್ದು. ಹಾಗಾಗಿ ಬಿಳಿ ಮಾತ್ರೆ ಮತ್ತೆ ಬರುತ್ತಿದೆ. ಅಕ್ಕನಿಗೂ ಗುಂಡಿ ಅಂಗಡಿಯವಳಿಗೂ ಉಳಿದವರಿಗೂ ಮುಟ್ಟಿಸಿದೆ. ಗುಂಡಿ ಅಂಗಡಿಯವಳ ಬೆರಳುಗಳು ಸ್ವಲ್ಪ ಸೊಟ್ಟಗಾಗಿವೆ. ‘ಅಕ್ಕಾವ್ರು ಹೇಗಿದ್ದಾರೆ?’ ಎಂದಳು. ಮನೆಗೇ ಹೋಗಿ ಕೊಟ್ಟಿದ್ದೆ. ಚಹಾ ಕುಡಿದು ಬಂದೆ.

ಆಗಸ್ಟ್ ೨

ಪರೀಕ್ಷೆಯ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಎಷ್ಟು ಸಾವೋ ಪೊಳ್ಳು ತೆಗೆದುಕೊಂಡವರಲ್ಲೂ ಅಷ್ಟೇ ಸಾವು. ಬಿಳಿ ಮಾತ್ರೆಯಿಂದ ಈ ಜ್ವರಕ್ಕೆ ಉಪಯೋಗವಿಲ್ಲ.

ಭಾವನಿಗೆ ಹೇಗೆ ಹೇಳುವುದೆಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ಮನೆಗೆ ಬಂದಾಗ ಅವರು ಆಗಲೇ ಓದಿದ್ದರು. ಮೇಜಿನಲ್ಲಿ ಮೂವರೂ ಈಗ ಒಂದೇ ಕಡೆ ಕೂರುತ್ತೇವೆ. ಅಕ್ಕ ಮನೆಗೆ ಬಂದು ವಾರವಾಯಿತು. ಅವರು ಸೂಪು ಮುಗಿಸಲಿಲ್ಲ. ಬಿಸಿ ಮಾಡಿ ತರಲಾ ಎಂದೆ, ಬೇಡವೆಂದರು.

‘ನಾಳೆ ಸಿಸ್ಟರ್ ಮನೆಗೆ ಹೋಗಿ ಬರ್ಬೇಕು,’ ಎಂದರು.

‘ನಾನೂ ಬರ್ತೀನಿ,’ ಎಂದೆ.

ಆಗಸ್ಟ್ ೩

ಸಿಸ್ಟರ್ ಗಂಡ ಕನ್ನಡಕದ ಅಂಗಡಿ ನಡೆಸುವವರು. ಅಂಗಡಿಯ ಹಿಂದೆಯೇ ಮನೆ. ಮಸೂರ ಉಜ್ಜುತ್ತಿದ್ದ ಬಟ್ಟೆ ಕೈಯಲ್ಲೇ ಇತ್ತು. ಕೂರಿ ಎನ್ನಲಿಲ್ಲ. ನಿಂತೇ ಭಾವ ಹೇಳಿದರು: ‘ಅವರಿಗೆ ನಾನು ಕೊಟ್ಟ ಮಾತ್ರೆ ಈ ಜ್ವರಕ್ಕೆ ಕೆಲಸ ಮಾಡಲ್ಲ ಅಂತ ಈಗ ಗೊತ್ತಾಗಿದೆ. ಕೆಲವರ ಹೃದಯಕ್ಕೆ ಅದು ತೊಂದರೆ ಮಾಡುತ್ತೆ. ಅವರಿಗೆ ಮಾಡ್ತೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಇದನ್ನ ನಾನೇ ಬಂದು ಹೇಳ್ಬೇಕು ಅನ್ನಿಸ್ತು.’

ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ‘ಇದನ್ನ ಯಾರಿಗೋಸ್ಕರ ಹೇಳ್ತಿದ್ದೀರಿ ಡಾಕ್ಟ್ರೇ? ನನಗೋಸ್ಕರಾನಾ, ನಿಮಗೋಸ್ಕರಾನಾ?’

ಗೋಡೆಯ ತುಂಬ ಕನ್ನಡಕಗಳು ನಮ್ಮನ್ನೇ ನೋಡುತ್ತಿದ್ದವು.

‘ನನಗೋಸ್ಕರ ಇರ್ಬೇಕು,’ ಎಂದರು ಭಾವ.

‘ಹೂಂ.’ ಅವರು ತಲೆ ಆಡಿಸಿದರು. ‘ಅವಳೇ ಕೇಳಿ ತಗೊಂಡಿದ್ದು. ಕೊಡ್ದೇ ಇದ್ದಿದ್ರೆ ನಿಮ್ಮ ಮೇಲೆ ರೇಗ್ತಿದ್ಲು. ಅದು ನನಗೂ ಗೊತ್ತು. ಆದ್ರೂ ಈ ಮಾತನ್ನ ಇಲ್ಲಿ ಬಿಟ್ಟು ಹೋಗ್ತೀರಿ, ಇನ್ನು ಇದರ ಜೊತೆ ಇರೋನು ನಾನು.’ ಬಟ್ಟೆಯನ್ನು ಪಕ್ಕಕ್ಕಿಟ್ಟು, ‘ಬರೋದಾದ್ರೆ ಇನ್ನೊಂದ್ಸಲ ಬನ್ನಿ. ಅವಳ ವಿಷಯ ಮಾತಾಡೋಕೆ ಬನ್ನಿ. ಮಾತ್ರೆ ವಿಷಯ ಬೇಡ,’ ಎಂದರು.

ಈ ಸಲ ಕಾರಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಭಾವನಿಗೆ ಹೇಳಬಹುದಾದ ಸಮಾಧಾನದ ಮಾತುಗಳನ್ನು ಹುಡುಕಿದೆ. ಎಲ್ಲವೂ ಪೊಳ್ಳು ಮಾತ್ರೆಯ ಹಾಗಿದ್ದವು.

ಆಗಸ್ಟ್ ೧೬

ಭಾವ ಇಂದು ಒಬ್ಬರೇ ಕನ್ನಡಕದ ಅಂಗಡಿಗೆ ಹೋಗಿಬಂದರು. ಏನು ಮಾತಾಡಿದರೋ ಕೇಳಲಿಲ್ಲ. ಸಿಸ್ಟರ್ ಚಿಕ್ಕಂದಿನಲ್ಲಿ ಈಜುಗಾರ್ತಿಯಾಗಿದ್ದರಂತೆ. ಇಪ್ಪತ್ತೈದು ವರ್ಷ ಜೊತೆಗಿದ್ದೂ ತನಗೆ ಗೊತ್ತಿರಲಿಲ್ಲ ಎಂದರು.

ಸೆಪ್ಟೆಂಬರ್ ೧೦

ಹೊಸ ಮದ್ದೊಂದು ಬಂದಿದೆ. ಈ ವೈರಸ್‌ಗೆಂದೇ ಮಾಡಿದ್ದು, ಸರಿಯಾಗಿ ಪರೀಕ್ಷೆಯಾದದ್ದು. ಪವಾಡವಲ್ಲ. ಜ್ವರದ ಮೊದಲ ಕೆಲವು ದಿನಗಳಲ್ಲೇ ಕೊಟ್ಟರೆ, ಅದೂ ವಯಸ್ಸಾದವರಿಗೆ, ಸ್ವಲ್ಪ ಅನುಕೂಲ. ನೆಂಟ ಒಲೆ ಹಚ್ಚುವ ಮೊದಲೇ ಬಾಗಿಲು ಹಾಕಬೇಕು, ಬಡಿಸಿಕೊಂಡು ಕೂತ ಮೇಲೆ ಹೆಚ್ಚೇನೂ ಆಗದು. ಬಂದಿರುವುದೂ ಕೊಂಚವೇ.

ಮಧ್ಯಾಹ್ನ ಒಬ್ಬರು ಬಂದರು. ಬಣ್ಣ ಬಳಿಯುವ ಕೆಲಸದವರು, ಉಗುರಿನ ಸುತ್ತ ಹಸಿರು ಮೆತ್ತಿಕೊಂಡಿತ್ತು. ಹೆಂಡತಿಗೆ ಜ್ವರ ಬಂದು ವಾರ ದಾಟಿದೆ, ಆಮ್ಲಜನಕದ ಮೇಲಿದ್ದಾರೆ. ‘ಹೊಸ ಮದ್ದು ಬಂದಿದೆಯಂತೆ. ಡಾಕ್ಟ್ರು ಬರೀತಿಲ್ಲ. ನೀವಾದ್ರೂ ಕೊಡಿ,’ ಎಂದರು.

ನಾನು ಪಕ್ಕದ ಬಾಗಿಲು ತೆಗೆದು ಹೊರಗೆ ಬಂದು, ಗೋಡೆಯ ಬೆಂಚಿನ ಮೇಲೆ ಅವರ ಪಕ್ಕ ಕೂತೆ. ಮೊದಲ ದಿನಗಳ ವಿಷಯ ಹೇಳಿದೆ. ವಾರ ದಾಟಿದವರಿಗೆ ಕೊಟ್ಟು ನೋಡಿದ್ದರಲ್ಲಿ ಏನೂ ಕಂಡುಬಂದಿಲ್ಲ ಎಂದೆ. ಈಗ ಅವರಿಗೆ ಕೊಡುತ್ತಿರುವ ಸ್ಟೆರಾಯ್ಡ್ ಯಾಕೆ, ಆಮ್ಲಜನಕ ಏನು ಮಾಡುತ್ತದೆ, ಬೋರಲು ಮಲಗಿಸುವುದು ಯಾಕೆ ಎಂದು ಹೇಳಿದೆ. ಅವರು ಹೆಂಡತಿಯ ಬಗ್ಗೆ ಹೇಳಿದರು. ಬೋರಲು ಮಲಗಿದರೆ ಆಕೆಗೆ ಉಸಿರು ಕಟ್ಟಿದಂತಾಗುತ್ತದೆಯಂತೆ. ಅದನ್ನು ನರ್ಸಿಗೆ ಹೇಳಿ, ದಿಂಬು ಬದಲಿಸಿ ಕೊಡುತ್ತಾರೆ ಎಂದೆ.

‘ಉಳೀತಾಳಾ?’

‘ಗೊತ್ತಿಲ್ಲ.’

ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. ‘ದಿಂಬಿನ ವಿಷಯ ಹೇಳಿಬರ್ತೀನಿ,’ ಎಂದು ಎದ್ದು ಹೋದರು.

ಅಷ್ಟು ಹೊತ್ತಿಗೆ ಕಿಟಕಿಯಲ್ಲಿ ಸಾಲು ಬೆಳೆದು ಮೆಟ್ಟಿಲಿನವರೆಗೆ ಹೋಗಿತ್ತು. ಕೆಲವರು ಬೈದರು. ಬೈಯುವುದು ನ್ಯಾಯವೇ.

ಸಂಜೆ ಮನೆಗೆ ಹೊರಡುವಾಗ ಭಾವ ಕೇಳಿದರು, ‘ಆ ಪೇಂಟರಿಗೆ ಏನಂದೆ? ಬೆಳಗ್ಗೆಯಿಂದ ನನ್ನ ಹಿಂದೆ ಬಿದ್ದಿದ್ರು. ನಿನ್ನ ಹತ್ರ ಬಂದು ಹೋದ್ಮೇಲೆ ಹೆಂಡ್ತಿ ಪಕ್ಕ ಕೂತಿದ್ದಾರೆ.’

‘ಗೊತ್ತಿಲ್ಲ ಅಂದೆ.’

‘ಅಷ್ಟೇನಾ?’

‘ಅಷ್ಟು ಹೇಳೋಕೆ ಅರ್ಧ ಗಂಟೆ ಹಿಡೀತು ಭಾವ.’

ಭಾವ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ‘ನನಗೆ ಆರು ತಿಂಗಳು ಹಿಡೀತು,’ ಎಂದರು.

ದಾರಿಯಲ್ಲಿ ಬ್ರೆಡ್ ಕೊಂಡೆವು. ಉಪ್ಪು ಹಾಕದ್ದು, ಅಕ್ಕನಿಗೆ ಈಗ ಅದೇ ಆಗಬೇಕು.